ಘಟ್ಟದ ಸೀಮೆಗೆ ಸ್ಪರ್ಧೆಯ ಪೋನಿ: ಲೀಸಿಗೆ ಪಡೆದು ತಿರುಗಿ ಒಪ್ಪಿಸುವವರೆಗೆ

ಶಿರಸಿಯಲ್ಲೋ ಕಾರವಾರದಲ್ಲೋ ಇರುವ ಮಗುವಿಗೆ ಜಂಪಿಂಗ್ (ಕುದುರೆಯನ್ನು ಅಡ್ಡಕೋಲು ಹಾರಿಸುವ) ಸ್ಪರ್ಧೆಗೆ ಪೋನಿ, ಅಂದರೆ ಗಿಡ್ಡ ಕುದುರೆ, ಬೇಕೆಂದರೆ ಕೊಳ್ಳುವುದಕ್ಕಿಂತ ಲೀಸಿಗೆ ಪಡೆಯುವುದೇ ಮೇಲು. 12ನೇ ವಯಸ್ಸಿಗೆ ಸರಿಹೊಂದುವ ಪೋನಿ 14ಕ್ಕೆ ಚಿಕ್ಕದಾಗಿರುತ್ತದೆ, ಕೊಂಡದ್ದನ್ನು ನಮ್ಮ ಜಿಲ್ಲೆಯಲ್ಲಿ ಮಾರಲು ಗಿರಾಕಿ ಸಿಗುವುದಿಲ್ಲ. ಆದರೆ ಲೀಸಿಗೆ ಪಡೆದ ಪೋನಿಯನ್ನು ಮನೆಗೆ ತರಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ. ಕುದುರೆ ಬಲ್ಲವರು ಮೊದಲು ಕೇಳುವುದೂ ಅದನ್ನೇ.

ಲೀಸಿನಲ್ಲಿ ಮುಖ್ಯವಾಗಿ ಮೂರು ಬಗೆ. ಪೂರ್ತಿ ಲೀಸ್ ಎಂದರೆ ಪೋನಿ ನಿಮ್ಮಲ್ಲಿಗೇ ಬರುತ್ತದೆ, ಮೇವು, ಲಾಳ, ವೈದ್ಯರ ಖರ್ಚು ಎಲ್ಲ ನಿಮ್ಮದು. ಅರ್ಧ ಲೀಸಿನಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಸವಾರಿ, ಖರ್ಚೂ ಪಾಲು. ಮೂರನೆಯದರಲ್ಲಿ ಪೋನಿ ಒಡೆಯರ ಲಾಯದಲ್ಲೇ, ಅದರ ಸೈಸ್ (ಕುದುರೆ ನೋಡಿಕೊಳ್ಳುವಾತ) ಮತ್ತು ಕೋಚ್ ಕಣ್ಣಳತೆಯಲ್ಲೇ ಇರುತ್ತದೆ. ಮಗು ರಜೆಯಲ್ಲಿ, ಸ್ಪರ್ಧೆಯ ಹಿಂದುಮುಂದಿನ ವಾರಗಳಲ್ಲಿ ಅಲ್ಲಿಗೇ ಹೋಗಿ ಸವಾರಿ ಮಾಡುತ್ತದೆ. ಬೆಂಗಳೂರು ಅಥವಾ ಪುಣೆಯ ಕಡೆಯಿಂದ ಲೀಸಿಗೆ ಪಡೆಯುವ ನಮ್ಮ ಕಡೆಯವರಿಗೆ ಈ ಮೂರನೆಯದನ್ನೇ ಹೇಳುತ್ತೇವೆ. ಸ್ಪರ್ಧೆ ನಡೆಯುವುದು ಅಲ್ಲೇ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ., ಪ್ರತಿ ಸ್ಪರ್ಧೆಗೂ ಪೋನಿಯನ್ನು ಹತ್ತಿಸಿ ಇಳಿಸುವುದಕ್ಕಿಂತ ಮಗುವನ್ನು ರಾತ್ರಿ ಬಸ್ಸಿಗೆ ಹತ್ತಿಸುವುದು ಸುಲಭ. ಮನೆಗೇ ತರಬೇಕೆಂಬ ಹಟವಿದ್ದರೆ ಅಕ್ಟೋಬರ್ ನಂತರ ತಂದು ಫೆಬ್ರವರಿ ಮುಗಿಯುವುದರೊಳಗೆ ಒಪ್ಪಿಸುವ ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇಲ್ಲಿ ಹುಟ್ಟಿ ಬೆಳೆದ ದನಕ್ಕೇ ಕಷ್ಟ, ಬಯಲುಸೀಮೆಯ ಕುದುರೆಗಂತೂ ಹೇಳುವುದೇ ಬೇಡ.

ಹಣದ ವಿಷಯದಲ್ಲಿ ವಿದೇಶಗಳ ರೂಢಿ, ವರ್ಷಕ್ಕೆ ಪೋನಿಯ ಬೆಲೆಯ ಕಾಲು ಭಾಗದಿಂದ ಮೂರನೇ ಒಂದು ಭಾಗ. ಅಂದರೆ 4 ಲಕ್ಷದ ಪೋನಿಗೆ ವರ್ಷಕ್ಕೆ 1 ಲಕ್ಷದಿಂದ 1.33 ಲಕ್ಷ. ನಮ್ಮಲ್ಲಿ ಅಂಥ ಕಟ್ಟುನಿಟ್ಟಿಲ್ಲ, ಮಾತಿನ ಮೇಲೆ ನಿಲ್ಲುತ್ತದೆ. ಲೀಸಿನ ಹಣ ಕಡಿಮೆ ಎಂದು ಹಿಗ್ಗಬೇಡಿ. ಪೂರ್ತಿ ಲೀಸಿನಲ್ಲಿ ಸಾಕುವ ಖರ್ಚೇ ಹಲವು ಸಲ ಅದನ್ನು ಮೀರುತ್ತದೆ. ಬಿಟ್ಟಿಯಾಗಿ ಕೊಡುತ್ತೇವೆ ಎನ್ನುವ ಪೋನಿಯನ್ನು ಎರಡು ಪಟ್ಟು ಹುಷಾರಾಗಿ ನೋಡಬೇಕು.

ಪೋನಿ ನೋಡಲು ಹೋಗುವಾಗ ಹೇಳಿ ಒಮ್ಮೆ, ಹೇಳದೆ ಒಮ್ಮೆ ಹೋಗಿ. ಹೇಳಿ ಹೋದ ದಿನ ಬೆಳಿಗ್ಗೆಯೇ ಒಂದು ತಾಸು ಓಡಿಸಿ ಸುಸ್ತು ಮಾಡಿಟ್ಟಿರಬಹುದು. ಲಾಯದಿಂದ ತಣ್ಣಗೆ ಹೊರಬರುವುದನ್ನು ನೋಡಬೇಕು, ಮೊದಲ ಹತ್ತು ಹೆಜ್ಜೆಯಲ್ಲೇ ಕುಂಟು, ಬಿಗಿತ ಕಾಣಿಸುವುದು. ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆಯೇ, ಬೆನ್ನು ಒತ್ತಿದರೆ ತಗ್ಗುತ್ತದೆಯೇ ನೋಡಿ. ಮೊದಲು ಅಲ್ಲಿಯ ಸವಾರನೇ ಓಡಿಸಲಿ, ಆಮೇಲೆ ಮಗು. ಮಗು 80 ಸೆಂ.ಮೀ. ವರ್ಗದಲ್ಲಿ ಸ್ಪರ್ಧಿಸುವುದಾದರೆ ಪೋನಿ 90 ಸೆಂ.ಮೀ. ಆರಾಮಾಗಿ ಹಾರುತ್ತಿರಬೇಕು. ಮಗು ತಪ್ಪು ಮಾಡಿದಾಗ ಅದನ್ನು ತುಂಬಿಕೊಡುವುದು ಆ ಹತ್ತು ಸೆಂಟಿಮೀಟರ್. ವಾಹನ ಹತ್ತಿಸಿ ಇಳಿಸಿ ತೋರಿಸಲು ಕೇಳಿ. ಜೊತೆಯ ಕುದುರೆಗಳಿಂದ ದೂರ ಒಂದೇ ನಿಲ್ಲುತ್ತದೆಯೇ ಎಂದೂ ನೋಡಿ. ಶಿರಸಿಯ ಕೊಟ್ಟಿಗೆಯಲ್ಲಿ ಅದಕ್ಕೆ ಸಿಗುವ ಜೊತೆ ಎಮ್ಮೆಯದು ಮಾತ್ರ.

ಎತ್ತರವನ್ನು ಹೆಗಲ ಮೇಲಿನ ಉಬ್ಬಿನಲ್ಲಿ ಅಳೆಯುವುದು. ಅಂತರರಾಷ್ಟ್ರೀಯ ನಿಯಮದಂತೆ ಲಾಳವಿಲ್ಲದೆ 148 ಸೆಂ.ಮೀ., ಲಾಳ ಸೇರಿ 149 ಸೆಂ.ಮೀ. ದಾಟಿದರೆ ಅದು ಪೋನಿಯಲ್ಲ. ಪೋನಿ ವರ್ಗದ ಸವಾರರ ವಯಸ್ಸು 12ರಿಂದ 16. ದೇಶದೊಳಗಿನ ಸ್ಪರ್ಧೆಗಳಲ್ಲಿ ವರ್ಗ ಬೇರೆ ಬೇರೆ ಇರುವುದರಿಂದ ಆ ವರ್ಷದ ಪ್ರಕಟಣೆ ಓದಿಯೇ ಎತ್ತರ ತೀರ್ಮಾನಿಸಿ. ತೂಕಕ್ಕೆ ತಕ್ಕಡಿ ಸಿಗದಿದ್ದರೆ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಹೆಗಲ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ. ಸುತ್ತಳತೆ 155, ಉದ್ದ 140 ಸೆಂ.ಮೀ. ಇದ್ದರೆ ಸುಮಾರು 283 ಕಿಲೋ. ಸವಾರ ಮತ್ತು ಜೀನು ಸೇರಿ ಅದರ 15ರಿಂದ 20 ಶೇಕಡಾದೊಳಗೆ ಇರಬೇಕು, ಅಂದರೆ 42ರಿಂದ 56 ಕಿಲೋ. 40 ಕಿಲೋದ ಹುಡುಗಿ, 7 ಕಿಲೋದ ಜೀನು ಲಗಾಮು ಎಂದರೆ ಈಗ ಸರಿ. ಮುಂದಿನ ವರ್ಷ ಅವಳೇ 48 ಆದರೆ ಅಂಚಿಗೆ ಬಂದಂತೆ.

ವೈದ್ಯರ ಪರೀಕ್ಷೆಗೆ ಒಡೆಯರ ವೈದ್ಯರನ್ನೇ ಕರೆಯಬಾರದು. ನಮ್ಮ ತಾಲೂಕಿನ ಪಶುವೈದ್ಯರಲ್ಲಿ ಒಳ್ಳೆಯವರಿದ್ದಾರೆ, ಆದರೆ ದಿನವೂ ನೋಡುವುದು ದನ, ಎಮ್ಮೆ, ನಾಯಿ. ಕುದುರೆ ನೋಡುವವರೇ ಬೇಕು. ವಿಶ್ರಾಂತಿಯಲ್ಲಿ ಜ್ವರಮಾಪಕ 37.5ರಿಂದ 38.5 ಡಿಗ್ರಿ, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16 ತೋರಿಸಬೇಕು. ಚಿಕ್ಕ ಪೋನಿಗಳಲ್ಲಿ ನಾಡಿ ತುಸು ಹೆಚ್ಚಿರುವುದುಂಟು. ಕಾಲಿನ ಗಂಟನ್ನು ಒಂದು ನಿಮಿಷ ಮಡಚಿ ಹಿಡಿದು ಬಿಟ್ಟ ಕೂಡಲೇ ಗಟ್ಟಿ ನೆಲದ ಮೇಲೆ ಟ್ರಾಟ್ (ಹಗುರ ಓಟ) ಮಾಡಿಸುತ್ತಾರೆ, ಒಳಗಿನ ನೋವಿದ್ದರೆ ಆಗ ಹೊರಬೀಳುತ್ತದೆ. ಗೊರಸನ್ನು ಇಕ್ಕಳದಿಂದ ಒತ್ತಿ ನೋಡುತ್ತಾರೆ. ಹಲ್ಲು ನೋಡಿ ಹೇಳುವ ವಯಸ್ಸು 9-10 ವರ್ಷದವರೆಗೆ ನಂಬಬಹುದು, ಆಮೇಲೆ ಬರೀ ಅಂದಾಜು. ಮಗುವಿಗಾದರೆ 8ರಿಂದ 16 ವರ್ಷದೊಳಗಿನದೇ ಒಳ್ಳೆಯದು, 5 ವರ್ಷದ ಚೆಂದದ ಪೋನಿ ಕೋಚ್‌ಗಳಿಗಿರಲಿ. ಅದೇ ದಿನ ರಕ್ತ ತೆಗೆಸಿ ಒಂದು ಪಾಲು ಕಾದಿರಿಸಿ. ನೋವಿನ ಮದ್ದು ಕೊಟ್ಟು ಕುಂಟು ಮರೆಸಿದ್ದರೆ ತಿಂಗಳ ನಂತರವೂ ಅದರಿಂದ ಗೊತ್ತಾಗುತ್ತದೆ.

ಕಾಗದಗಳಲ್ಲಿ ಮೊದಲನೆಯದು ಪಾಸ್‌ಪೋರ್ಟ್, ಅಂದರೆ ಪೋನಿಯ ಗುರುತಿನ ಪುಸ್ತಕ. ಅದರಲ್ಲಿರುವ ಬಣ್ಣ, ಹಣೆಯ ಬಿಳಿ, ಸುಳಿಗಳ ಚಿತ್ರವನ್ನು ಎದುರಿಗಿರುವ ಪೋನಿಯೊಂದಿಗೆ ತಾಳೆ ನೋಡಿ, ಮೈಕ್ರೋಚಿಪ್ ಇದ್ದರೆ ಯಂತ್ರ ಹಿಡಿದು 15 ಅಂಕಿಯ ಸಂಖ್ಯೆಯನ್ನೂ ಹೋಲಿಸಿ. ಭಾರತೀಯ ಕುದುರೆ ಸವಾರಿ ಒಕ್ಕೂಟದ ನೋಂದಣಿ ಯಾರ ಹೆಸರಿನಲ್ಲಿದೆ, ಲೀಸ್ ಕೊಡುತ್ತಿರುವವರು ಅವರೇ ಹೌದೇ ಎಂಬುದು ಎರಡನೆಯದು. ಇನ್‌ಫ್ಲುಯೆಂಜಾ ಲಸಿಕೆಯ ಪುಟದಲ್ಲಿ ದಿನಾಂಕಗಳನ್ನು ಬೆರಳಿಟ್ಟು ಎಣಿಸಿ. ಅಂತರರಾಷ್ಟ್ರೀಯ ನಿಯಮದಲ್ಲಿ ಮೊದಲೆರಡು ಡೋಸ್‌ಗಳ ನಡುವೆ ಕನಿಷ್ಠ 21 ದಿನ ಇರಬೇಕು. ಕೊನೆಯ ಬೂಸ್ಟರ್ ಸ್ಪರ್ಧೆಯ ಲಾಯಕ್ಕೆ ಬರುವುದಕ್ಕಿಂತ 6 ತಿಂಗಳು 21 ದಿನದ ಒಳಗೆ ಆಗಿರಬೇಕು, ಆದರೆ ಬರುವ ಮುಂಚಿನ 7 ದಿನಗಳಲ್ಲಿ ಹಾಕಿಸಿರಬಾರದು. ನಡುವೆ ಒಂದು ಬೂಸ್ಟರ್ ತಪ್ಪಿದ್ದರೆ ಮತ್ತೆ ಮೊದಲಿನಿಂದ ಶುರು, ಸ್ಪರ್ಧೆಯ ಒಂದು ಕಾಲವೇ ಕೈತಪ್ಪುತ್ತದೆ. ಗ್ಲ್ಯಾಂಡರ್ಸ್ ಮತ್ತು ಕುದುರೆಯ ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷಾ ವರದಿ ಹೊಸದಿರಲಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ರೋಗ, ಖಚಿತವಾದರೆ ಕಾನೂನಿನಂತೆ ಕುದುರೆಯನ್ನು ಕೊಲ್ಲಬೇಕು. ಇದರ ರಾಷ್ಟ್ರಮಟ್ಟದ ಪ್ರಯೋಗಾಲಯ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ವರದಿಗೆ ಸಮಯ ಬೇಕು, ಲಾರಿ ಗೊತ್ತು ಮಾಡಿದ ಮೇಲೆ ರಕ್ತ ಕಳಿಸುವುದಲ್ಲ.

ಕರಾರುಪತ್ರವನ್ನು ಛಾಪಾ ಕಾಗದದ ಮೇಲೆಯೇ ಮಾಡಿ. "ನಮ್ಮ ನಿಮ್ಮೊಳಗೆ ಎಂಥ ಪತ್ರ ಮಾರಾಯ್ರೇ" ಎನ್ನುವವರಿಂದ ಪೋನಿ ತರಬಾರದು. ಅವಧಿ, ಹಣ, ಲಾಳದ ಖರ್ಚು ಇವನ್ನು ಎಲ್ಲರೂ ಬರೆಯುತ್ತಾರೆ, ಜಗಳವಾಗುವುದು ಬರೆಯದೆ ಬಿಟ್ಟದ್ದರಲ್ಲಿ. ಪೋನಿ ಕುಂಟಿ ಎರಡು ತಿಂಗಳು ನಿಂತರೆ ಆ ಎರಡು ತಿಂಗಳ ಲೀಸ್ ಕೊಡಬೇಕೇ? ಕುಂಟು ಹಳೆಯದೋ ಹೊಸದೋ ಎಂದು ಹೇಳುವವರು ಯಾರು? ರಾತ್ರಿ ಹೊಟ್ಟೆಶೂಲೆ ಬಂದು ಆಪರೇಷನ್ ಆಗಬೇಕೆಂದರೆ, ಅಥವಾ ನರಳುವುದನ್ನು ನಿಲ್ಲಿಸಲು ದಯಾಮರಣವೇ ದಾರಿ ಎಂದರೆ, ಒಡೆಯರು ಫೋನ್ ಎತ್ತದಿದ್ದಾಗ ತೀರ್ಮಾನ ಯಾರದು? ಎಷ್ಟು ರೂಪಾಯಿವರೆಗಿನ ಚಿಕಿತ್ಸೆಗೆ ನೀವೇ ಒಪ್ಪಿಗೆ ಕೊಡಬಹುದು? ವಾರಕ್ಕೆ ಎಷ್ಟು ದಿನ ಹಾರಿಸಬಹುದು, ಗರಿಷ್ಠ ಎತ್ತರ ಎಷ್ಟು, ಮಗುವಿನ ಹೊರತು ಬೇರೆಯವರು ಹತ್ತಬಹುದೇ? ಒಡೆಯರು ನಡುವೆ ಮಾರಿದರೆ ನಿಮಗೆ ಎಷ್ಟು ದಿನದ ಸೂಚನೆ, ಕೊಟ್ಟ ಹಣ ಹೇಗೆ ಹಿಂದೆ ಬರುತ್ತದೆ? ಬಹುಮಾನದ ಹಣ ಯಾರಿಗೆ? ಹಿಂದೆ ಕಳಿಸುವ ಲಾರಿಯ ಬಾಡಿಗೆ ಯಾರದು? ಇವೆಲ್ಲ ಒಂದೊಂದು ಸಾಲಿನಲ್ಲಿ ಬರಲಿ. ಸಾರ್ವಜನಿಕ ವಲಯದ ವಿಮಾ ಕಂಪನಿಗಳು ಕುದುರೆಗೆ ವಿಮೆ ಮಾಡುತ್ತವೆ. ಅದು ಮುಖ್ಯವಾಗಿ ಸಾವಿಗೆ, ಕಾಯಂ ಊನದ ಹೊಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಬಹುದು. ಚಿಕಿತ್ಸೆಯ ಬಿಲ್ಲು ಬರುತ್ತದೆಂದು ಎಣಿಸಬೇಡಿ. ಹಸ್ತಾಂತರದ ದಿನ ನಾಲ್ಕೂ ಬದಿಯ ಫೋಟೋ, ನಾಲ್ಕು ಗೊರಸಿನ ಅಡಿ, ಹಳೆಯ ಗಾಯದ ಕಲೆಗಳು, ಗಟ್ಟಿ ನೆಲದಲ್ಲಿ ಟ್ರಾಟ್ ಮಾಡುವ ವಿಡಿಯೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

ಸಾಗಾಟಕ್ಕೆ 1978ರ ಪ್ರಾಣಿ ಸಾಗಾಟ ನಿಯಮಗಳಿವೆ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು, ವಾಹನದೊಳಗೆ ಮೆತ್ತೆ ಹಾಕಿರಬೇಕು, ಕುದುರೆಗಳ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರಿನ ಅಡ್ಡಗಳು, ತಲೆ ಎದುರು ಬರುವ ವಾಹನಗಳಿಗೆ ಕಾಣದಂತೆ ಎಡಕ್ಕೆ, ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಈ ವೇಗದಲ್ಲಿ ಬೆಂಗಳೂರಿನಿಂದ ಶಿರಸಿಗೆ ನಿಲುಗಡೆ ಬಿಟ್ಟೇ ಹನ್ನೊಂದೂವರೆ ತಾಸು. ಹಾವೇರಿಯವರೆಗೆ ನೇರ ಹೆದ್ದಾರಿ, ಅಲ್ಲಿಂದ ಶಿರಸಿಗೆ ತಿರುವುಗಳಿದ್ದರೂ ಘಟ್ಟವಿಲ್ಲ. ಕಾರವಾರ, ಕುಮಟಾಕ್ಕೆ ಇಳಿಯುವವರಿಗೆ ದೇವಿಮನೆ ಘಟ್ಟವೋ ಯಲ್ಲಾಪುರದ ಕಡೆಯ ಅರಬೈಲ್ ಘಟ್ಟವೋ ತಪ್ಪುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹೊಡೆದಾಗ ಪೋನಿ ಮುಂಗಾಲ ಮೇಲೆ ಬೀಳುತ್ತದೆ, ಆದ್ದರಿಂದ ಘಟ್ಟವನ್ನು ಹಗಲಿನಲ್ಲಿ, ಎರಡನೇ ಗೇರಿನಲ್ಲೇ ಇಳಿಸಲು ಚಾಲಕನಿಗೆ ಮೊದಲೇ ಹೇಳಿಡಬೇಕು. ಮಳೆಗಾಲದಲ್ಲಿ ರಸ್ತೆಯನ್ನೇ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ಕಂಡವರು ಜೀವಂತ ಪ್ರಾಣಿಯನ್ನು ಹೊತ್ತು ಆ ಕಾಲದಲ್ಲಿ ಹೊರಡುವುದಿಲ್ಲ.

ತಲೆಯನ್ನು ಗಿಡ್ಡಕ್ಕೆ ಕಟ್ಟುವುದು ಸಾಗಾಟದ ದೊಡ್ಡ ತಪ್ಪು. ಕುದುರೆ ತಲೆ ತಗ್ಗಿಸಿ ಕೆಮ್ಮಿ ಶ್ವಾಸನಾಳ ಚೊಕ್ಕ ಮಾಡಿಕೊಳ್ಳುವ ಪ್ರಾಣಿ. ಹತ್ತು ತಾಸು ತಲೆ ಎತ್ತಿಯೇ ನಿಂತರೆ ಧೂಳು, ಲೋಳೆ ಶ್ವಾಸಕೋಶಕ್ಕಿಳಿದು ಎರಡು ಮೂರು ದಿನಕ್ಕೆ ಜ್ವರ, ನ್ಯುಮೋನಿಯಾ. ಮೂರ್ನಾಲ್ಕು ತಾಸಿಗೊಮ್ಮೆ ನಿಲ್ಲಿಸಿ ಹಗ್ಗ ಸಡಿಲಿಸಿ ನೀರು ಕೊಡಿ, ಹುಲ್ಲನ್ನು ನೀರಲ್ಲಿ ಅದ್ದಿ ಬಲೆಯಲ್ಲಿ ಕಟ್ಟಿ, ಹೊರಡುವ ಬೆಳಿಗ್ಗೆ ಕಾಳು ಬೇಡ. ಬಂದ ಮೇಲೆ ಒಂದು ವಾರ ಬೆಳಿಗ್ಗೆ ಸಂಜೆ ಜ್ವರ ಅಳೆದು ಬರೆದಿಡಿ. ಇನ್ನೊಂದು ಮಾತು: ನಮ್ಮ ಜಿಲ್ಲೆಯಲ್ಲಿ ರಾತ್ರಿ ಪ್ರಾಣಿ ತುಂಬಿದ ಲಾರಿ ಕಂಡರೆ ದನ ಸಾಗಿಸುತ್ತಿದ್ದಾರೆಂದೇ ತಡೆಯುತ್ತಾರೆ. ಪ್ರಮಾಣಪತ್ರ, ಕರಾರಿನ ಪ್ರತಿ, ಪಾಸ್‌ಪೋರ್ಟ್ ಚಾಲಕನ ಕೈಗೆ ಸಿಗುವಲ್ಲಿರಲಿ.

ಇರುವ ಕೊಟ್ಟಿಗೆಯನ್ನೇ ಲಾಯ ಮಾಡಬಹುದು, ಆದರೆ ಕೆಲವು ಬದಲಾವಣೆ ಬೇಕು. ಪೋನಿಗೆ 3 ಮೀಟರ್‌ಗೆ 3 ಮೀಟರ್ ಜಾಗ. ಅಡಿಕೆ ದಬ್ಬೆಯ ಗೋಡೆ ಆಗದು, ಒದ್ದರೆ ಸೀಳುತ್ತದೆ, ಸಂದಿನಲ್ಲಿ ಗೊರಸು ಸಿಕ್ಕಿಕೊಳ್ಳುತ್ತದೆ. ಕೆಳಗೆ ದರಕು (ಒಣಗಿದ ಎಲೆ) ಹಾಸುವ ರೂಢಿ ದನಕ್ಕೆ ಸರಿ, ಕುದುರೆಗೆ ಅದರ ಬೂಸ್ಟು, ಧೂಳು ಕೆಮ್ಮು ತರುತ್ತದೆ. ಭತ್ತದ ಹುಲ್ಲು ಹಾಸಿದರೆ ಅದನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ಮರದ ಮಿಲ್ಲಿನಿಂದ ನಯವಾದ ಹುಡಿಯಲ್ಲ, ಕೀಸಿದ ದೊಡ್ಡ ಸಿಪ್ಪೆ ತನ್ನಿ, ಔಷಧಿ ಹೊಡೆದ ಮರದ್ದಲ್ಲ ಎಂದು ಕೇಳಿಕೊಂಡು.

ಮೇವಿನಲ್ಲೇ ನಮ್ಮವರು ಹೆಚ್ಚು ಎಡವುವುದು, ಏಕೆಂದರೆ ದನ ಸಾಕಿ ಗೊತ್ತಿದೆ ಎಂಬ ಧೈರ್ಯ. ಹೈನುಗಾರರು ಬೆಳೆದ ನೇಪಿಯರ್ ಹುಲ್ಲು ಹಸಿರಾಗಿ ಸಮೃದ್ಧವಾಗಿ ಸಿಗುತ್ತದೆ. ಆದರೆ ಅದರಲ್ಲಿ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೈಗೆ ಹೋಗಗೊಡುವುದಿಲ್ಲ. ದನದ ಮೊದಲ ಹೊಟ್ಟೆಯ ಜೀವಾಣುಗಳು ಆಕ್ಸಲೇಟನ್ನು ಒಡೆಯುತ್ತವೆ, ಕುದುರೆಗೆ ಆ ಹೊಟ್ಟೆಯೇ ಇಲ್ಲ. ಜೊತೆಗೆ ಗೋಧಿ ಬೂಸಾ ಹಾಕಿದರೆ ಅದರ ಫಾಸ್ಫರಸ್ ಇನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂಳೆಯ ಕ್ಯಾಲ್ಸಿಯಂ ಕರಗಿ, ಇಂದು ಈ ಕಾಲು ನಾಳೆ ಆ ಕಾಲು ಕುಂಟುತ್ತದೆ, ಕೊನೆಗೆ ಮುಖದ ಮೂಳೆ ಊದುತ್ತದೆ. ಬಯಲುಸೀಮೆಯ ಒಣ ಹುಲ್ಲನ್ನು ಮುಖ್ಯ ಮಾಡಿ, ದಿನಕ್ಕೆ ಒಂದು ಕಿಲೋ ಕುದುರೆ ಮೆಂತೆ (ಲೂಸರ್ನ್ ಸೊಪ್ಪು) ಸೇರಿಸಿದರೆ ಕ್ಯಾಲ್ಸಿಯಂ ತಕ್ಕಮಟ್ಟಿಗೆ ಸರಿಹೋಗುತ್ತದೆ. 283 ಕಿಲೋದ ಪೋನಿಗೆ ದಿನಕ್ಕೆ ಒಟ್ಟು ನಾಲ್ಕೂಕಾಲರಿಂದ ಐದೂವರೆ ಕಿಲೋ ಒಣ ಮೇವು ಬೇಕು. ಕಾಳು ಒಂದರಿಂದ ಒಂದೂವರೆ ಕಿಲೋ, ಮೂರು ಹೊತ್ತಿಗೆ ಹಂಚಿ. ಹುರುಳಿಯಾದರೆ ನೆನೆಸಿ ಬೇಯಿಸಿ, ಅರ್ಧ ಕಿಲೋ ಮೀರದಂತೆ. ಉಪ್ಪು ದಿನಕ್ಕೆ 30 ಗ್ರಾಂ, ಕಾರವಾರದ ಸೆಕೆಯಲ್ಲಿ ಬೆವರಿದ ದಿನ ಇನ್ನೂ ಹೆಚ್ಚು.

ಚೀಲದ ಪಶು ಆಹಾರವನ್ನು ಕುದುರೆಗೆ ಹಾಕಲೇಬಾರದು. ಕೆಲವು ದನದ, ಕೋಳಿಯ ಆಹಾರಗಳಲ್ಲಿ ಸೇರಿಸುವ ಮೊನೆನ್ಸಿನ್ ಬಗೆಯ ಮದ್ದು ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಬೇಲಿಯ ಕಣಗಿಲೆಯೂ ವಿಷ, ಜೀವ ತೆಗೆಯಲು ಹಿಡಿಯಷ್ಟು ಎಲೆ ಸಾಕು, ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಬೋರ್ಡೋ (ಮೈಲುತುತ್ತಿನ ದ್ರಾವಣ) ಹೊಡೆದ ತೋಟದ ಹುಲ್ಲು ತರಬೇಡಿ. ಹಳೆಯ ಲಾಯದ ಮೇವನ್ನೇ ಎರಡು ವಾರಕ್ಕಾಗುವಷ್ಟು ಜೊತೆಗೆ ತಂದು ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸುವುದು ಹೊಟ್ಟೆಶೂಲೆ ತಡೆಯುವ ಸುಲಭದ ದಾರಿ.

ಬಂದ ಎರಡು ವಾರ ಕುರಿಮರಿಯಂತಿದ್ದ ಪೋನಿ ಮೂರನೇ ವಾರ ಹಿಂಗಾಲೆತ್ತಿ ಮಗುವನ್ನು ಉರುಳಿಸುವುದು ಮಾಮೂಲು ದೂರು. ಒಡೆಯರು ಮೋಸ ಮಾಡಿದರೆಂದು ಫೋನು ಹೋಗುತ್ತದೆ. ಹೆಚ್ಚಿನ ಸಲ ಕಾರಣ ಲೆಕ್ಕದಲ್ಲೇ ಇರುತ್ತದೆ: ಸವಾರಿ ಶಾಲೆಯಲ್ಲಿ ದಿನಕ್ಕೆ ಎರಡು ಮೂರು ತಾಸು ದುಡಿದು ತಿನ್ನುತ್ತಿದ್ದ ಕಾಳನ್ನೇ ಇಲ್ಲಿ ನಲವತ್ತು ನಿಮಿಷದ ಸವಾರಿಗೆ ತಿನ್ನುತ್ತಿದೆ. ಕಾಳನ್ನು ಅರ್ಧಕ್ಕಿಳಿಸಿ, ದಿನವಿಡೀ ಬಿಟ್ಟು ಅಡ್ಡಾಡಿಸಿ. ಸರಿಹೋಗದಿದ್ದರೆ ಮಾತ್ರ ಜೀನಿನ ಅಳತೆ, ಹಲ್ಲು, ಬೆನ್ನು ನೋಡಬೇಕು.

ಲಾಳ ಕಟ್ಟುವವರು ನಾಲ್ಕರಿಂದ ಆರು ವಾರಕ್ಕೊಮ್ಮೆ ಬೇಕು. ಎತ್ತಿನ ಲಾಳ ಕಟ್ಟುವವರಿಗೆ ಕುದುರೆಯ ಗೊರಸು ಒಪ್ಪಿಸಬೇಡಿ, ಎತ್ತಿನದು ಎರಡು ಹೋಳು, ಮೊಳೆ ಹೋಗುವ ಜಾಗವೇ ಬೇರೆ. ಹೊರಗಿನಿಂದ ಕರೆಸುವ ಖರ್ಚನ್ನು ಲೀಸಿನ ಲೆಕ್ಕದಲ್ಲಿ ಮೊದಲೇ ಸೇರಿಸಿ. ಕಾರವಾರದ ಕಡಲತೀರ ಕಂಡ ಮಕ್ಕಳಿಗೆ ಅಲ್ಲೇ ಓಡಿಸುವ ಆಸೆ. ಇಳಿತದ ಹೊತ್ತಿನ ಒದ್ದೆ ಗಟ್ಟಿ ಮರಳಾದರೆ ಸರಿ, ಮೊದಲ ದಿನಗಳಲ್ಲಿ 15-20 ನಿಮಿಷ ಮಾತ್ರ. ಮೇಲಿನ ಒಣ ಸಡಿಲ ಮರಳಿನಲ್ಲಿ ಕ್ಯಾಂಟರ್ (ಟ್ರಾಟ್‌ಗಿಂತ ಜೋರಿನ ಓಟ) ಮಾಡಿಸಿದರೆ ಕಾಲಿನ ಸ್ನಾಯುರಜ್ಜು ಹರಿಯಬಹುದು. ರಂಪಣಿ ಬಲೆಯ ಹಗ್ಗ ಎಳೆದಿರುವ ಕಡೆ ಹೋಗಲೇಬಾರದು. ಶಿರಸಿಯ ಕಡೆ ಕೊಯ್ಲಾದ ಗದ್ದೆ ಜನವರಿಗೆ ಕಲ್ಲಾಗಿರುತ್ತದೆ, ಹಾರಿಸಲು ಆಗದು. 20ಕ್ಕೆ 40 ಮೀಟರ್ ಜಾಗಕ್ಕೆ ಗಟ್ಟಿ ಮಾಡಿದ ಗರಸಿನ ಮೇಲೆ 8-10 ಸೆಂ.ಮೀ. ಮರಳು ಹರವಿದರೆ ಸಾಕು. ಅಡ್ಡಕೋಲಿಗೆ ಅಡಿಕೆ ಮರ ಬೇಡ, ಚೂಪಾಗಿ ಸಿಗಿಯುತ್ತದೆ; ಮೂರೂವರೆ ಮೀಟರ್ ಉದ್ದ, 10 ಸೆಂ.ಮೀ. ದಪ್ಪದ ಗಾಳಿ ಮರದ ಕೋಲು ಕರಾವಳಿಯಲ್ಲಿ ಸಿಗುತ್ತದೆ. ಬೆಟ್ಟಕ್ಕೆ ಅಡ್ಡಾಡಿಸಲು ಹೋದರೆ ಉಣುಗು (ಉಣ್ಣೆ ಹುಳು) ನೋಡಿ ತೆಗೆಯಿರಿ, ಪೋನಿಯದೂ ಮಗುವಿನದೂ. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಶಿರಸಿಯ ಕಾಡಂಚಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವಿದೆ. ಕಡಿಯುವ ದೊಡ್ಡ ನೊಣಗಳಿಂದ ಸರ್ರಾ ಎಂಬ ರಕ್ತದ ರೋಗ ಬರುತ್ತದೆ, ಬಿಟ್ಟು ಬಿಟ್ಟು ಜ್ವರ, ಸೊರಗು, ಹೊಟ್ಟೆಯಡಿ ಊತ ಕಂಡರೆ ಕೂಡಲೇ ರಕ್ತ ಪರೀಕ್ಷೆ.

ಸ್ಪರ್ಧೆಯ ಮುಂಚೆ ಮದ್ದಿನ ವಿಷಯದಲ್ಲಿ ಹಿತ್ತಲ ಜ್ಞಾನ ಬೇಡ. ನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಮೆಣಸಿನ ಖಾರದ ಕ್ಯಾಪ್ಸೈಸಿನ್ ಇರುತ್ತದೆ, ಅದು ನಿಷಿದ್ಧ. 2008ರ ಒಲಿಂಪಿಕ್ಸ್‌ನ ಹಾಂಗ್‌ಕಾಂಗ್ ಸ್ಪರ್ಧೆಯಲ್ಲಿ ಇದೇ ಸಿಕ್ಕು ನಾರ್ವೆಯ ತಂಡ ಕಂಚು ಕಳೆದುಕೊಂಡಿತು. ನೋವಿನ ಮದ್ದುಗಳಾದ ಫಿನೈಲ್‌ಬ್ಯುಟಜೋನ್ 7 ದಿನ, ಫ್ಲುನಿಕ್ಸಿನ್ 6 ದಿನ ಮೂತ್ರ, ರಕ್ತದಲ್ಲಿ ಸಿಗಬಹುದೆಂದು ಅಂತರರಾಷ್ಟ್ರೀಯ ಪಟ್ಟಿ ಹೇಳುತ್ತದೆ. ವೈದ್ಯರು ಸ್ಪರ್ಧೆಗೆ ಅದಕ್ಕಿಂತ ಹೆಚ್ಚು ದಿನ ಮೊದಲೇ ಮದ್ದು ಬಿಡಿಸುತ್ತಾರೆ. ತೋಟದ ಕೋಕೋ ಸಿಪ್ಪೆಯಲ್ಲಿ ಥಿಯೋಬ್ರೋಮಿನ್, ಚಹಾ ಪುಡಿಯಲ್ಲಿ ಕೆಫೀನ್, ಅಡಿಕೆಯಲ್ಲಿ ನರಮಂಡಲದ ಮೇಲೆ ಕೆಲಸ ಮಾಡುವ ಅರೆಕೋಲಿನ್. ಅಡಿಕೆ ಒಣಗಿಸಿದ ಅಂಗಳದಲ್ಲಿ ಹುಲ್ಲು ಹರವಬೇಡಿ, ಕವಳ ಹಾಕುವವರು ಮೇವಿನ ಬಾನಿಗೆ ಕೈ ಹಾಕದಿರಲಿ.

ಹಿಂದೆ ಒಪ್ಪಿಸುವ ದಿನ, ಪಡೆದ ದಿನದ್ದೇ ಪರೀಕ್ಷೆ, ಅದೇ ಕೋನದ ಫೋಟೋ, ಅದೇ ಬಗೆಯ ಗಟ್ಟಿ ನೆಲದಲ್ಲಿ ಟ್ರಾಟ್ ವಿಡಿಯೋ. ಲಾಳ ಹೊಸದಾಗಿ ಕಟ್ಟಿ ಒಂದು ವಾರವಾಗಿರಲಿ, ಅಂದೇ ಕಟ್ಟಿಸಿದರೆ ಮೊಳೆ ಒತ್ತಿದ ನೋವು ಯಾರ ಲೆಕ್ಕಕ್ಕೆ ಎಂಬ ತಕರಾರು ಬರುತ್ತದೆ. ಈಗ ತಿನ್ನುತ್ತಿರುವ ಮೇವು, ಹೊತ್ತು, ಅಳತೆ ಬರೆದ ಹಾಳೆ, ಜಂತುಹುಳುವಿನ ಮದ್ದು ಕೊಟ್ಟ ದಿನಾಂಕ, ನಾಲ್ಕು ದಿನದ ಮೇವು ಲಾರಿಯಲ್ಲೇ ಕಳಿಸಿ. ಪಾಸ್‌ಪೋರ್ಟನ್ನು ಒಡೆಯರ ಕೈಗೇ ಕೊಟ್ಟು ಸಹಿ ಪಡೆಯಿರಿ, ಠೇವಣಿ ಇಟ್ಟಿದ್ದರೆ ಅದು ಹಿಂದೆ ಬರುವ ತಾರೀಖನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ.